ಕತ್ತು ಹಿಡಿದುಕೊಂಡಾಗ: ತಿರುಚಬೇಡಿ, ಕಟ್ಟಿಯೂ ಇಡಬೇಡಿ

ರಾತ್ರಿ ಚೆನ್ನಾಗಿಯೇ ಮಲಗಿದ್ದವರು ಬೆಳಗ್ಗೆ ಏಳಹೋದರೆ ಕತ್ತಿನ ಒಂದು ಪಕ್ಕ ಛಳಕ್ಕೆಂದು ಹಿಡಿದುಕೊಳ್ಳುತ್ತದೆ. ಎಡಕ್ಕೆ ಸುಮಾರಾಗಿ ತಿರುಗುತ್ತದೆ, ಬಲಕ್ಕೆ ಸುತರಾಂ ಆಗದು. ಹಿಂದಿನಿಂದ ಯಾರಾದರೂ ಕರೆದರೆ ಸೊಂಟದಿಂದ ಮೇಲೆ ಇಡೀ ಮೈಯನ್ನೇ ತಿರುಗಿಸಿ ನೋಡಬೇಕು. ಕತ್ತು ಉಳುಕಿದೆ ಎನ್ನುವುದು ಇದಕ್ಕೇ.

ನೋವಿನ ಜಾಗವನ್ನು ಬೆರಳಿಟ್ಟು ಹುಡುಕಿ. ಬೆನ್ನಿನ ರೆಕ್ಕೆಮೂಳೆಯ ಒಳಪಕ್ಕದ ಮೇಲಿನ ಮೂಲೆಯಲ್ಲಿ ಒತ್ತಿದರೆ ಜೀವ ಹೋದಂತಾಗುತ್ತದೆಯೇ? ಅಲ್ಲಿಂದ ಹೊರಟು ಕತ್ತಿನ ಮೇಲಿನ ನಾಲ್ಕು ಮೂಳೆಗಳಿಗೆ ಅಂಟಿಕೊಳ್ಳುವ ಸ್ನಾಯುವಿನ ಹೆಸರು ಲೆವೇಟರ್ ಸ್ಕ್ಯಾಪುಲೇ. ಬಹಳ ಸಲ ಬಿಗಿಯುವುದು ಇದೇ. ತಲೆಯ ತೂಕ ನಾಲ್ಕೂವರೆ, ಐದು ಕೆಜಿ. ಎತ್ತರದ ದಿಂಬಿನ ಮೇಲೋ, ರಾತ್ರಿ ಬಸ್ಸಿನ ಸೀಟಿನಲ್ಲೋ ಅಷ್ಟು ಭಾರ ಗಂಟೆಗಟ್ಟಲೆ ಒಂದೇ ಕಡೆ ವಾಲಿದ್ದರೆ ಸ್ನಾಯು, ಕೀಲು ಕೆರಳುತ್ತವೆ. ಇನ್ನಷ್ಟು ಪೆಟ್ಟಾಗದಿರಲಿ ಎಂದು ಸುತ್ತಲಿನ ಸ್ನಾಯುಗಳೂ ಬಿಗಿದುಕೊಳ್ಳುತ್ತವೆ. ಆ ಬಿಗಿತ ಕಾವಲಿನಂತೆ. ಬಲವಂತ ಮಾಡಿದಷ್ಟೂ ಜಾಸ್ತಿಯಾಗುತ್ತದೆ, ಮೆತ್ತಗೆ ಆಡಿಸಿದರೆ ಸಡಿಲವಾಗುತ್ತದೆ.

ಉಪಚಾರಕ್ಕೆ ಮೊದಲು ಇದು ಬರೀ ಉಳುಕೇ ಎಂದು ಖಚಿತ ಮಾಡಿಕೊಳ್ಳಿ. ಉಳುಕಿನಲ್ಲಿ ಕಷ್ಟವಾಗುವುದು ಹೆಚ್ಚಾಗಿ ಪಕ್ಕಕ್ಕೆ ತಿರುಗಿಸಲು. ಜ್ವರ, ತಲೆನೋವು ಇದ್ದು, ಗಲ್ಲವನ್ನು ಎದೆಗೆ ತಾಗಿಸಲು ಆಗದಿದ್ದರೆ, ಜೊತೆಗೆ ವಾಂತಿಯೋ, ಬೆಳಕು ನೋಡಲಾಗದಿರುವುದೋ, ಮಂಪರೋ ಇದ್ದರೆ ಮೆದುಳಿನ ಪೊರೆಯ ಸೋಂಕಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ. ಬೈಕಿನಿಂದ ಬಿದ್ದ ಮೇಲೆ ಕತ್ತು ನೋಯುತ್ತಿದ್ದರೆ ಅಲ್ಲಾಡಿಸದೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಹಠಾತ್ ಕತ್ತುನೋವಿನೊಂದಿಗೆ ಹಿಂದೆಂದೂ ಕಾಣದ ತಲೆನೋವು, ತೊದಲು ಮಾತು, ಒಂದು ರೆಪ್ಪೆ ಜೋಲುವುದು ಅಥವಾ ನಡೆ ತೂರಾಡುವುದು ಕಂಡರೂ, ನೋವು ಎದೆ, ದವಡೆ, ತೋಳಿಗೆ ಹರಡಿ ಬೆವರು ಬಂದರೂ ಅಷ್ಟೇ ತುರ್ತು. ಕೈ ಸೋಲುತ್ತಿದ್ದರೆ, ಬೆರಳು ಜೋಮು ಹಿಡಿದಿದ್ದರೆ, ಅಂಗಿಯ ಗುಂಡಿ ಹಾಕಲು ತಡಬಡಾಯಿಸುವಂತಾದರೆ ನರ ಒತ್ತಿರುವ ಸಂಶಯ. ಅದನ್ನು ಅಂದೇ ವೈದ್ಯರಿಗೆ ತೋರಿಸಬೇಕು. ಮಗುವಿಗೆ ಗಂಟಲುನೋವು, ಜ್ವರ ಬಂದು ಕತ್ತು ಓರೆಯಾದರೂ ಕಾಯಬೇಡಿ. ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದಿದೆ: ಮೆಟೊಕ್ಲೋಪ್ರಮೈಡ್‌ನಂಥ ವಾಂತಿ ನಿಲ್ಲಿಸುವ ಔಷಧ ತೆಗೆದುಕೊಂಡ ಮೇಲೆ ಕೆಲವರಿಗೆ, ಅದರಲ್ಲೂ ಹರೆಯದವರಿಗೆ, ಕತ್ತು ತಾನಾಗಿ ಒಂದು ಕಡೆಗೆ ಸೊಟ್ಟಗಾಗಿ ಕಣ್ಣು ಮೇಲಕ್ಕೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರೆ ಬೇಗ ಇಳಿಯುತ್ತದೆ.

ಇವು ಯಾವುವೂ ಇಲ್ಲವೆಂದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಹಾಸಿಗೆಯಿಂದ ಏಳುವುದರಿಂದಲೇ ಶುರುಮಾಡಿ. ಅಂಗಾತ ಇದ್ದವರು ನೇರ ತಲೆ ಎತ್ತಿದರೆ ಹಿಡಿದ ಜಾಗಕ್ಕೇ ಭಾರ ಬೀಳುತ್ತದೆ. ಮೈಯನ್ನೂ ತಲೆಯನ್ನೂ ಒಟ್ಟಿಗೆ ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗೆ ಇಳಿಬಿಟ್ಟು, ಒಂದು ಕೈಯಲ್ಲಿ ತಲೆಗೆ ಆಸರೆ ಕೊಟ್ಟು ಇನ್ನೊಂದನ್ನು ಊರಿ ಏಳಿ. ಕೂತಾಗ ನೋವಿರುವ ಪಕ್ಕದ ಮೊಣಕೈ ಕೆಳಗೆ ದಿಂಬಿಡಿ. ತೋಳಿನ ಭಾರ ಇಳಿದ ಕೂಡಲೇ ಕತ್ತು ಎಷ್ಟು ಹಗುರಾಗುತ್ತದೆಂದು ಮಾಡಿದವರಿಗೇ ಗೊತ್ತು.

ಶಾಖ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ಹಿಡಿ ಕಲ್ಲುಪ್ಪನ್ನು ಬಾಣಲೆಯಲ್ಲಿ ಬಿಸಿಮಾಡಿ ದಪ್ಪ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ಮುಂಗೈ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಹಿತವಾಗಿದ್ದರೆ ಕತ್ತಿನ ಹಿಂದೆ, ಹೆಗಲ ಮೇಲೆ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಬಿಸಿನೀರಿನ ಚೀಲವೂ ಆದೀತು. ಐಸ್ ಹಿತವೆನಿಸುವವರು ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಇಡಲಿ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕುಂದಿದವರು ಸುಟ್ಟರೂ ಗೊತ್ತಾಗದು, ಬಹಳ ಜೋಪಾನ. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಕೊಡಲೇಬೇಡಿ, ಬೊಬ್ಬೆ ಏಳುತ್ತದೆ.

ಶಾಖ ಮುಗಿದ ಕೂಡಲೇ ಕತ್ತು ಆಡಿಸಿ. ಅಂಗಾತ ಮಲಗಿ, ತಲೆಯನ್ನು ಎತ್ತದೆ ದಿಂಬಿನ ಮೇಲೇ ಉರುಳಿಸಿ. ಮೊದಲು ಸಲೀಸಾದ ಕಡೆಗೆ, ಆಮೇಲೆ ಹಿಡಿದ ಕಡೆಗೆ. ಕಣ್ಣು ಮುಂದೆ ಹೋಗಲಿ, ತಲೆ ಅದರ ಹಿಂದೆ ಬರಲಿ. ನೋವು ಶುರುವಾಗುವಲ್ಲಿ ನಿಂತು ಒಮ್ಮೆ ಉಸಿರು ಬಿಟ್ಟು ವಾಪಸಾಗಿ. ಎಂಟು ಹತ್ತು ಸಲ, ಎರಡು ಗಂಟೆಗೊಮ್ಮೆ. ಒಂದೇ ಸಲ ಅರ್ಧ ಗಂಟೆ ಮಾಡಿ ಸುಸ್ತಾಗುವುದಕ್ಕಿಂತ ಹೀಗೆ ಆಗಾಗ ಮಾಡುವುದೇ ವಾಸಿ. ಕೂತಾಗ ಹೆಗಲನ್ನು ಹಿಂದಕ್ಕೂ ಕೆಳಕ್ಕೂ ಎಳೆದು 5 ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ.

ಎರಡನೇ ಮೂರನೇ ದಿನ, ತಿರುಗುವುದು ಸ್ವಲ್ಪ ಸಲೀಸಾದ ಮೇಲೆ, ಎಳೆತದ ವ್ಯಾಯಾಮ ಸೇರಿಸಿ. ನೋವು ಬಲಕ್ಕಿದ್ದರೆ ಮುಖವನ್ನು ಅರ್ಧ ಎಡಕ್ಕೆ ತಿರುಗಿಸಿ, ಎಡ ಕಂಕುಳು ನೋಡುವಂತೆ ತಲೆ ಬಗ್ಗಿಸಿ. ಎಡಗೈಯನ್ನು ತಲೆಯ ಮೇಲೆ ಸುಮ್ಮನೆ ಇಟ್ಟರೆ ಸಾಕು, ಎಳೆಯಬೇಡಿ. 20 ಸೆಕೆಂಡ್, ಮೂರು ಸಲ. ಮೊದಲ ದಿನವೇ ಇದನ್ನು ಮಾಡಹೋಗಿ ಸಂಜೆಗೆ ಇನ್ನೂ ಬಿಗಿಸಿಕೊಳ್ಳುವವರು ಬಹಳ.

ಕತ್ತಿಗೆ ಪಟ್ಟಿ ಹಾಕಿ ದಿನಗಟ್ಟಲೆ ಇರಬೇಡಿ, ಆಡದ ಕೀಲು ಮತ್ತಷ್ಟು ಜಡವಾಗುತ್ತದೆ. ಸಲೂನಿನಲ್ಲಿ ತಲೆ ಹಿಡಿದು ಲಟಕ್ಕೆನಿಸಿ ನೆಟಿಗೆ ತೆಗೆಸುವುದಂತೂ ಬೇಡವೇ ಬೇಡ. ಕತ್ತಿನ ಮೂಳೆಗಳಲ್ಲಿರುವ ತೂತುಗಳ ಮೂಲಕ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಗಕ್ಕನೆ ತಿರುಚಿದಾಗ ಅವುಗಳ ಒಳಪದರ ಸೀಳಿ ಪಾರ್ಶ್ವವಾಯು ಆದದ್ದುಂಟು. ಮನೆಯವರು ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ಕತ್ತಿನ ಹಿಂದೆ, ಹೆಗಲಿಗೆ ಮೆಲ್ಲಗೆ ಸವರಿದರೆ ತೊಂದರೆಯಿಲ್ಲ. ಮುಂಭಾಗವನ್ನು ಒತ್ತಿಸಿಕೊಳ್ಳಬೇಡಿ.

ನೋವು ತಡೆಯಲಾಗದಿದ್ದರೆ ದೊಡ್ಡವರು ಪ್ಯಾರಾಸಿಟಮಾಲ್ 500 ಮಿಗ್ರಾಂನ ಒಂದು ಮಾತ್ರೆ, ಸಾಲದಿದ್ದರೆ ಎರಡು, ಆರು ಗಂಟೆ ಅಂತರದಲ್ಲಿ ತೆಗೆದುಕೊಳ್ಳಬಹುದು. 24 ಗಂಟೆಯಲ್ಲಿ ಎಂಟನ್ನು ಮೀರಕೂಡದು. ಶೀತದ ಮಾತ್ರೆಯಲ್ಲೂ ಇದೇ ಇರುತ್ತದೆ, ಲೆಕ್ಕಕ್ಕೆ ಸೇರಿಸಿ. ಲಿವರ್ ತೊಂದರೆ ಇರುವವರು, ತೀರಾ ತೆಳ್ಳಗಿರುವವರು, ದಿನಾ ಕುಡಿಯುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಐಬುಪ್ರೊಫೆನ್ ಎಂಬ ಇನ್ನೊಂದು ನೋವಿನ ಮಾತ್ರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರಿಗೆ, ಗರ್ಭಿಣಿಯರಿಗೆ ಸಲ್ಲದು. ಮೈಕೈ ನೋವಿನೊಂದಿಗೆ ಜ್ವರವೂ ಇದ್ದು ಡೆಂಗಿ ಅನುಮಾನವಿದ್ದರೆ ಅದನ್ನು ಮುಟ್ಟಲೇಬೇಡಿ.

ಕತ್ತು ಎರಡೂ ಕಡೆ ತಿರುಗುವವರೆಗೆ ಗಾಡಿ ಓಡಿಸಬೇಡಿ, ಹಿಂದೆ ಬರುವ ವಾಹನ ಕಾಣದು. ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಸಡಿಲವಾಗಿ ವಾರದೊಳಗೆ ಸರಿಹೋಗುತ್ತದೆ. ವಾರ ಕಳೆದರೂ ಜಗ್ಗದಿದ್ದರೆ, ಅಥವಾ ಮಲಗಿದಾಗಲೇ ನೋವು ಏರುತ್ತಿದ್ದರೆ ತೋರಿಸಿ.

ಇವತ್ತೇ ದಿಂಬನ್ನೂ ನೋಡಿಬಿಡಿ. ಮಗ್ಗುಲಾಗಿ ಮಲಗಿ, ಮನೆಯವರಿಂದ ಮುಂದಿನಿಂದ ಒಂದು ಫೋಟೋ ತೆಗೆಸಿ. ಮೂಗು ಎದೆಯ ನಡುಗೆರೆಗೆ ನೇರವಾಗಿರಬೇಕು. ತಲೆ ಹಾಸಿಗೆ ಕಡೆ ಜಾರಿದ್ದರೆ ದಿಂಬು ತಗ್ಗು, ಮೇಲಕ್ಕೆ ವಾಲಿದ್ದರೆ ಎತ್ತರ. ತಗ್ಗಾದರೆ ಮಡಿಸಿದ ಟವೆಲ್ಲೊಂದನ್ನು ದಿಂಬಿನ ಕವರಿನೊಳಗೆ ಸೇರಿಸಿ, ಇನ್ನೊಮ್ಮೆ ಫೋಟೋ ತೆಗೆಸಿ ನೋಡಿ.