ಮಳೆಗಾಲದಲ್ಲಿ ಹಾಳಾದ ಒಂಟೆಯುಣ್ಣೆ ಕೋಟು ಸರಿಹೋದದ್ದು ಹೀಗೆ

ಮುಂಬೈ ಹತ್ತಿರದ ಡೊಂಬಿವಲಿಯ ಮನೆ, ಜುಲೈ ತಿಂಗಳು. ಕಪಾಟಿನಲ್ಲಿದ್ದ ಕೋಟಿನ ಕಾಲರಿನಡಿ ಬಿಳಿ ಬೂಷ್ಟು, ತೋಳಿನ ಅಂಚಿನಲ್ಲಿ ಸಾಸಿವೆ ಗಾತ್ರದ ಎರಡು ತೂತು. ಬೂಷ್ಟು ತೇವದ್ದು, ತೂತು ನುಸಿಯ ಮರಿಹುಳುವಿನದು. ಬೆವರು, ಎಣ್ಣೆ ಅಂಟಿದ ಉಣ್ಣೆಯೆಂದರೆ ಅದಕ್ಕೆ ಹಬ್ಬ. ಡ್ರೈಕ್ಲೀನಿಂಗಿನ ಪ್ಲಾಸ್ಟಿಕ್ ಚೀಲ ತೆಗೆಯದೆ ನೇತುಹಾಕಿದ್ದೇ ಮೂಲ ತಪ್ಪು.

ಮಳೆ ಬಿಟ್ಟ ಹೊತ್ತಿನಲ್ಲಿ ಬಾಲ್ಕನಿಯಲ್ಲಿ ಮೆತ್ತನೆಯ ಬ್ರಷ್ಷಿನಿಂದ ರೋಮದ ದಿಕ್ಕಿಗೇ ಬೂಷ್ಟು ಉದುರಿಸಿದೆ. ಮನೆಯೊಳಗೆ ಕೊಡವಿದರೆ ಮಿಕ್ಕ ಬಟ್ಟೆಗೂ ಹತ್ತುತ್ತದೆ. ಫ್ಯಾನಿನಡಿ 2 ದಿನ ಚೆನ್ನಾಗಿ ಒಣಗಿಸಿ, ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಹುಳು ಸಾಯಲೆಂದು −18 ಡಿಗ್ರಿಯ ಫ್ರೀಜರಿನಲ್ಲಿ 1 ವಾರ ಇಟ್ಟೆ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಉಣ್ಣೆಯ ಮೇಲೆ ನೀರು ಹನಿಗಟ್ಟುತ್ತದೆ. ಆಮೇಲೆ ಡ್ರೈಕ್ಲೀನಿಂಗ್. ತೂತಿಗೆ ರಫೂ, ಅಂದರೆ ಎಳೆಯಿಂದ ನೇಯ್ದು ಮುಚ್ಚುವ ಕೆಲಸ: ಒಳಹೊಲಿಗೆಯ ಅಂಚಿನಿಂದಲೇ ಎಳೆ ಬಿಡಿಸಿಕೊಟ್ಟರೆ ಬಣ್ಣ ಬೇರೆಯಾಗುವುದಿಲ್ಲ.

ಈಗ ಹತ್ತಿಬಟ್ಟೆಯ ಹೊದಿಕೆ, ಅಗಲ ಭುಜದ ಮರದ ಹ್ಯಾಂಗರ್. ಬರೀ ನುಸಿಗುಳಿಗೆ ನಂಬಬೇಡಿ. ತೆರೆದ ಕಪಾಟಿನಲ್ಲಿ ಅದರ ಆವಿ ನಿಲ್ಲುವುದಿಲ್ಲ.

ಹೊಸದು ಕೊಳ್ಳುವವರು ಒಳಗಿನ ಚೀಟಿ ಓದಿ. ‘ಕ್ಯಾಮೆಲ್’ ಬಹಳ ಸಲ ಬಣ್ಣದ ಹೆಸರಷ್ಟೇ. ನಿಜವಾದ ಮೃದು ಉಣ್ಣೆ ಮಂಗೋಲಿಯಾ, ಚೀನಾ ಕಡೆಯ ಎರಡು ಡುಬ್ಬದ ಒಂಟೆಯ ಒಳರೋಮ.