ಪುಟ್ ಅಪ್ ಅಂದ್ರೆ ಸಹಿಸ್ಕೊಳ್ಳೋದು ಅಂತ ನಂಬಿ ಕೆಟ್ಟೆ

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವಾಗ ಕೈಮರ ಸಿಗುತ್ತಲ್ಲ, ನಮ್ಮ ತೋಟ ಅದರ ಹತ್ತಿರವೇ. ಕಾಫಿ ರೇಟು ನೆಲ ಕಚ್ಚಿದ್ದ ಕಾಲದಲ್ಲಿ ಹಳೇ ಮನೆಯ ಮೂರು ರೂಮು ಖಾಲಿ ಮಾಡಿ ಹೋಂಸ್ಟೇ ಶುರು ಮಾಡಿದೆವು. ನಾನು ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಮಾತಾಡೋಕೆ ಹೆದರಿಕೆ, ಓದಿದರೆ ಮಾತ್ರ ಅರ್ಥ ಆಗುತ್ತೆ ಅಂತ ಧೈರ್ಯ.

ಆ ಧೈರ್ಯ ಇಳಿದಿದ್ದು ಇಂಗ್ಲೆಂಡಿನ ಗಂಡ ಹೆಂಡತಿ ಕಳಿಸಿದ ಒಂದು ಮೆಸೇಜಿನಿಂದ. ‘ಕ್ಯಾನ್ ಯು ಪುಟ್ ಅಸ್ ಅಪ್ ಫಾರ್ ಟೂ ನೈಟ್ಸ್?’ ಹೈಸ್ಕೂಲಿನಲ್ಲಿ ಉರು ಹೊಡೆದದ್ದು ತಕ್ಷಣ ನೆನಪಾಯಿತು. ಪುಟ್ ಅಪ್ ವಿತ್ ಅಂದರೆ ಟಾಲರೇಟ್, ಸಹಿಸಿಕೊಳ್ಳು. ಪಾಪ, ಎಷ್ಟು ವಿನಯದ ಜನ, ಎರಡು ರಾತ್ರಿ ನಮ್ಮನ್ನು ಸಹಿಸ್ಕೋತೀರಾ ಅಂತ ಕೇಳ್ತಿದ್ದಾರಲ್ಲ ಅಂದುಕೊಂಡು, ನಾನೂ ಅಷ್ಟೇ ವಿನಯದಿಂದ ಟೈಪ್ ಮಾಡಿದೆ: ‘ನೋ ಪ್ರಾಬ್ಲಮ್ ಸರ್, ವಿ ಟಾಲರೇಟ್ ಆಲ್ ಗೆಸ್ಟ್ಸ್.’

ಅವರು ಬಂದರು, ಪುಣ್ಯಕ್ಕೆ. ಮೊದಲ ರಾತ್ರಿ ಅಕ್ಕಿರೊಟ್ಟಿ ತಿನ್ನುವಾಗ ಆ ಸಾಹೇಬರು ಫೋನ್ ತೆಗೆದು ನನ್ನ ಮೆಸೇಜ್ ತೋರಿಸಿ ಜೋರಾಗಿ ನಕ್ಕರು. ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳಿದರು. ಪುಟ್ ಸಮ್‌ಒನ್ ಅಪ್ ಅಂದರೆ ಮನೆಯಲ್ಲಿ ಉಳಿಸಿಕೊಳ್ಳುವುದು. ‘ವಿತ್’ ಸೇರಿದರೆ ಮಾತ್ರ ಸಹಿಸಿಕೊಳ್ಳುವುದು. ಅವರ ಮೆಸೇಜಿನಲ್ಲಿ ವಿತ್ ಇರಲೇ ಇಲ್ಲ, ನಾನೇ ಸೇರಿಸಿಕೊಂಡು ಓದಿದ್ದೆ.

ಅವತ್ತು ಗೆಸ್ಟ್ ರಿಜಿಸ್ಟರಿನ ಹಿಂದಿನ ಪುಟದಲ್ಲಿ ಪುಟ್ ಅಪ್‌ಗೆ ಒಂದು ಪಟ್ಟಿ ಶುರು ಮಾಡಿದೆ. ಮೊದಲು ಡಿಕ್ಷನರಿ ನೋಡಿ ಸಮಾನಾರ್ಥಕ ಪದಗಳನ್ನೆಲ್ಲ ಸಾಲಾಗಿ ಬರೆದೆ. ಅಕಾಮಡೇಟ್, ಎರೆಕ್ಟ್, ರೈಸ್, ಡಿಸ್‌ಪ್ಲೇ. ಒಂದು ವಾರದಲ್ಲಿ ಎಲ್ಲ ಮರೆತುಹೋಯಿತು. ಒಂದಕ್ಕೊಂದು ಸಂಬಂಧವೇ ಇಲ್ಲದ ಪದಗಳು ತಲೆಯಲ್ಲಿ ಎಲ್ಲಿ ನಿಲ್ಲಬೇಕು ಹೇಳಿ?

ದಾರಿ ಸಿಕ್ಕಿದ್ದು ಅಮ್ಮನ ಉಪ್ಪಿನಕಾಯಿಯಿಂದ. ಅಮೆರಿಕದ ಒಬ್ಬ ವಯಸ್ಸಾದ ಹೆಂಗಸು ಉಳಿದುಕೊಂಡಿದ್ದರು. ಅಮ್ಮ ಹಜಾರದಲ್ಲಿ ಕೂತು ಮಾವಿನ ಮಿಡಿ ಜಾಡಿಗೆ ತುಂಬುತ್ತಿದ್ದರು, ಒಂದು ಪದರ ಮಿಡಿ, ಒಂದು ಹಿಡಿ ಕಲ್ಲುಪ್ಪು. ಅದನ್ನು ನೋಡಿ ಆಕೆ ‘ಮೈ ಗ್ರ್ಯಾಂಡ್‌ಮದರ್ ಪುಟ್ ಅಪ್ ಪಿಕಲ್ಸ್ ಎವ್ರಿ ಸಮ್ಮರ್’ ಅಂದರು. ನನಗೆ ಥಟ್ ಅಂತ ಹೊಳೆಯಿತು. ನಾವೂ ಉಪ್ಪಿನಕಾಯಿ ‘ಹಾಕ್ತೀವಿ’ ಅಲ್ವಾ! ಮಾಡ್ತೀವಿ ಅನ್ನುವುದಕ್ಕಿಂತ ಹಾಕ್ತೀವಿ ಅನ್ನುವುದೇ ಜಾಸ್ತಿ. ಹಣ್ಣು, ತರಕಾರಿ ಕೆಡದ ಹಾಗೆ ಬಾಟಲಿಗೆ ತುಂಬಿಡುವುದಕ್ಕೆ ಅಮೆರಿಕದಲ್ಲಿ ಹಳೇ ತಲೆಮಾರಿನವರು ಪುಟ್ ಅಪ್ ಅಂತಾರಂತೆ.

ನಮ್ಮ ‘ಹಾಕು’ ಎಷ್ಟು ಕೆಲಸ ಮಾಡುತ್ತೆ ನೋಡಿ. ಬೀಗ ಹಾಕು, ಲೈಟ್ ಹಾಕು, ಊಟ ಹಾಕು, ಗೊಬ್ಬರ ಹಾಕು. ಯಾರಾದರೂ ಪಟ್ಟಿ ಮಾಡಿ ಕಲಿತಿದ್ದೀವಾ? ಪಕ್ಕದಲ್ಲಿರುವ ವಸ್ತುವೇ ಅರ್ಥ ಹೇಳುತ್ತೆ. ಇಂಗ್ಲಿಷಿನವರಿಗೂ ಹಾಗೇ ಇರಬೇಕು ಅಂತ, ಹಳೇ ಪಟ್ಟಿ ಹೊಡೆದುಹಾಕಿ ನಮ್ಮ ತೋಟದ ವಸ್ತುಗಳನ್ನೇ ಇಟ್ಟು ಹೊಸದಾಗಿ ಬರೆದೆ. ಟೆಂಟ್ ಹಾಕುವುದು ಪುಟ್ ಅಪ್ ಎ ಟೆಂಟ್, ಅದಕ್ಕೆ ಪಿಚ್ ಅಂತಲೂ ಅನ್ನಬಹುದು. ಗೇಟಿಗೆ ಬೋರ್ಡ್ ಹಾಕುವುದು ಪುಟ್ ಅಪ್ ಎ ಬೋರ್ಡ್. ಸೋಲಾರ್ ಹಾಕಿಸುವಾಗ ಭಾವ ಅರ್ಧ ದುಡ್ಡು ಹಾಕಿದರು, ಅದೂ ಪುಟ್ ಅಪ್ ಹಾಫ್ ದ ಮನಿ. ಇಷ್ಟೂ ನಮ್ಮ ಹಾಕು ಜೊತೆ ಸಲೀಸಾಗಿ ಹೊಂದುತ್ತೆ.

ಕೆಲವು ಹೊಂದಲ್ಲ. ರೇಟು ನಾವು ಏರಿಸ್ತೀವಿ, ಅವರು ಪುಟ್ ಅಪ್ ಮಾಡ್ತಾರೆ. ಛತ್ರಿ ನಾವು ಬಿಡಿಸ್ತೀವಿ, ಅವರಿಗೆ ಅದೂ ಪುಟ್ ಅಪ್. ಇಂಥವನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು, ಬೇರೆ ದಾರಿ ಇಲ್ಲ. ಆದರೆ ಒಂದಂತೂ ನನಗೆ ಬಹಳ ಇಷ್ಟ. ಪುಟ್ ಸಮ್‌ಒನ್ ಅಪ್ ಟು ಸಮ್‌ಥಿಂಗ್ ಅಂದರೆ ಮಾಡಬಾರದ ಕೆಲಸಕ್ಕೆ ಇನ್ನೊಬ್ಬರನ್ನು ಹುರಿದುಂಬಿಸಿ ಕಳಿಸುವುದು. ನಾವು ಎತ್ತಿಕಟ್ಟೋದು ಅನ್ನಲ್ವಾ, ಅದೇ! ಅವರ ‘ಅಪ್’ ನಮ್ಮ ‘ಎತ್ತಿ’ಯಲ್ಲಿ ಕೂತಿದೆ.

ಸಮಾನಾರ್ಥಕ ಪದ ಅಂತ ಒಂದರ ಜಾಗದಲ್ಲಿ ಇನ್ನೊಂದು ತುರುಕಿದರೆ ಏನಾಗುತ್ತೆ ಅಂತ ನನ್ನ ಮೆಸೇಜೇ ಸಾಕ್ಷಿ. ಟಾಲರೇಟ್ ತಪ್ಪು ಪದ ಅಷ್ಟೇ ಅಲ್ಲ, ಬಿಗುಮಾನದ ಪದ ಕೂಡ. ಪುಟ್ ಅಪ್ ವಿತ್‌ನಲ್ಲಿ ಸ್ವಲ್ಪ ಗೊಣಗಾಟ ಇದೆ. ಮಳೆಗಾಲದಲ್ಲಿ ನಾವು ಇಂಬಳಗಳ ಜೊತೆ ಏಗ್ತೀವಲ್ಲ, ಆ ಥರ. ಸ್ಟ್ಯಾಂಡ್ ಅನ್ನುವ ಪದಕ್ಕೂ ಇದೇ ಅರ್ಥ ಇದೆ, ಆದರೆ ಅದು ಹೆಚ್ಚಾಗಿ ಬರುವುದು ‘ಕಾಂಟ್’ ಜೊತೆಗೆ. ‘ಐ ಕಾಂಟ್ ಸ್ಟ್ಯಾಂಡ್ ಲೀಚಸ್’ ಅಂತ ನಮ್ಮಲ್ಲಿಗೆ ಜುಲೈನಲ್ಲಿ ಬಂದವರಲ್ಲಿ ಅರ್ಧ ಜನ ಹೇಳಿದ್ದಾರೆ. ಅಕಾಮಡೇಟ್ ಕೂಡ ಹಾಗೇ. ಹೋಟೆಲಿನ ಬುಕಿಂಗ್ ಕಾಗದಕ್ಕೆ ಸರಿ. ಪುಟ್ ಅಪ್ ಅಂದರೆ ಮಳೆಗೆ ಸಿಕ್ಕಿಕೊಂಡ ನೆಂಟರಿಗೆ ‘ಇವತ್ತು ಇಲ್ಲೇ ಉಳ್ಕೊಳ್ಳಿ’ ಅಂದ ಹಾಗೆ.

ಬೆಂಗಳೂರಿನಿಂದ ಬರುವ ಸಾಫ್ಟ್‌ವೇರ್ ಹುಡುಗರು ಮಾತ್ರ ಇದನ್ನೇ ಬೇರೆ ಥರ ಬಳಸ್ತಾರೆ. ಒಬ್ಬರನ್ನೊಬ್ಬರು ‘ವೇರ್ ಆರ್ ಯು ಪುಟ್ ಅಪ್?’ ಅಂತ ಕೇಳ್ತಾರೆ, ಮನೆ ಎಲ್ಲಿ ಅನ್ನುವ ಅರ್ಥದಲ್ಲಿ. ಇದು ನಮ್ಮ ದೇಶದ ಇಂಗ್ಲಿಷ್. ಹೊರಗಿನವರಿಗೆ ನಾಲ್ಕು ದಿನ ಯಾರದೋ ಮನೆಯಲ್ಲಿ ಉಳಿದ ಹಾಗೆ ಕೇಳಿಸುತ್ತೆ. ನಾನು ತಪ್ಪು ಅನ್ನಲ್ಲ, ಆದರೆ ಪರದೇಶದ ಗೆಸ್ಟ್ ಹತ್ತಿರ ‘ವೇರ್ ಡು ಯು ಲಿವ್’ ಅಂತಲೇ ಕೇಳ್ತೀನಿ.

ಇನ್ನೊಂದು ಕಡೆಯೂ ಎಡವಿದ್ದೆ. ‘ಪುಟ್ ಅಪ್ ಅಸ್’ ಅನ್ನೋ ಹಾಗಿಲ್ಲ. ಅಸ್, ಹಿಮ್, ಇಟ್ ಥರದ ಪುಟ್ಟ ಪದ ಬಂದರೆ ಮಧ್ಯದಲ್ಲೇ ಕೂರಬೇಕು, ಪುಟ್ ಅಸ್ ಅಪ್. ವಿತ್ ಇದ್ದರೆ ಮಾತ್ರ ಕೊನೆಗೆ, ಪುಟ್ ಅಪ್ ವಿತ್ ಅಸ್. ಎರಡನ್ನೂ ನಾಲ್ಕು ಸಲ ಜೋರಾಗಿ ಹೇಳಿಕೊಂಡರೆ ಕಿವಿಗೇ ಗೊತ್ತಾಗುತ್ತೆ.

ಈ ಪುಟ ತುಂಬಿತು, ಪುಟ್ ಅಪ್ ಮುಗೀತು ಅಂತ ಬೀಗುತ್ತಿದ್ದೆ. ಹೋದ ತಿಂಗಳು ಲೇಟಾಗಿ ಬಂದ ಒಬ್ಬ ಗೆಸ್ಟ್ ‘ಐ ಹೋಪ್ ವಿ ಆರ್ ನಾಟ್ ಪುಟಿಂಗ್ ಯು ಔಟ್’ ಅಂದರು. ನಿಮಗೆ ತೊಂದರೆ ಕೊಟ್ವಾ ಅಂತ ಅದರ ಅರ್ಥವಂತೆ. ನಾನು ನಗುತ್ತಾ ‘ನೋ ಮೇಡಂ, ಐ ಆಮ್ ಸ್ಲೀಪಿಂಗ್ ಇನ್‌ಸೈಡ್ ಓನ್ಲಿ’ ಅಂದುಬಿಟ್ಟೆ. ರಿಜಿಸ್ಟರಿನಲ್ಲಿ ಮತ್ತೊಂದು ಹಾಳೆ ತಿರುಗಿಸಿದ್ದೀನಿ.