ಟಾರ್ಕ್ ರಿಪಲ್ ಮತ್ತು ಪ್ರಿಡಿಕ್ಟಿವ್ ಕಂಟ್ರೋಲ್: ನನ್ನ ಅನುಭವ

ಮೋಟರಿನ ಕಂಟ್ರೋಲ್ ಕೋಡ್‌ಗೆ ಕೈ ಹಾಕುವ ಮೊದಲು ರಿಪಲ್, ಅಂದರೆ ಟಾರ್ಕ್‌ನ (ತಿರುಗಿಸುವ ಬಲದ) ಏರಿಳಿತ, ಎಲ್ಲಿಂದ ಬರುತ್ತಿದೆ ಅಂತ ನೋಡಿದೆ. ಪರ್ಮನೆಂಟ್ ಮ್ಯಾಗ್ನೆಟ್ ಮೋಟರನ್ನು ಟೆಸ್ಟ್ ಬೆಂಚಿಗೆ ಕಟ್ಟಿ, ನಿಧಾನಕ್ಕೆ ತಿರುಗಿಸಿ, ಟಾರ್ಕ್ ಸಿಗ್ನಲ್‌ನ ಎಫ್‌ಎಫ್‌ಟಿ (ಅದರಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಇದೆ ಅಂತ ಬಿಡಿಸಿ ತೋರಿಸುವ ಲೆಕ್ಕ) ತೆಗೆದೆ. ಎಲೆಕ್ಟ್ರಿಕಲ್ ಫ್ರೀಕ್ವೆನ್ಸಿಯಲ್ಲೇ (ಮೋಟರಿಗೆ ಹೋಗುವ ಕರೆಂಟಿನ ಫ್ರೀಕ್ವೆನ್ಸಿಯಲ್ಲೇ) ಗೆರೆ ಎದ್ದರೆ ಸಾಮಾನ್ಯವಾಗಿ ಕರೆಂಟ್ ಸೆನ್ಸರ್ ಆಫ್‌ಸೆಟ್, ಅಂದರೆ ಸೆನ್ಸರಿನ ಸೊನ್ನೆಯೇ ಜರುಗಿರುವುದು. ಅದರ 2 ಪಟ್ಟಿನಲ್ಲಿ ಎದ್ದರೆ ಸೆನ್ಸರ್‌ಗಳ ಗೇನ್ (ಅಳತೆಯ ಪ್ರಮಾಣ) ಒಂದಕ್ಕೊಂದು ಹೊಂದುತ್ತಿಲ್ಲ. 6 ಪಟ್ಟಾದರೆ ಬ್ಯಾಕ್ ಇಎಂಎಫ್‌ನ (ತಿರುಗುವ ಮೋಟರಿನಲ್ಲೇ ಹುಟ್ಟುವ ವೋಲ್ಟೇಜಿನ) 5 ಮತ್ತು 7ನೇ ಹಾರ್ಮೋನಿಕ್, ಅಂದರೆ 5 ಮತ್ತು 7 ಪಟ್ಟು ಫ್ರೀಕ್ವೆನ್ಸಿಯ ಅಲೆ, ಇಲ್ಲವೇ ಇನ್ವರ್ಟರ್‌ನ (ಸ್ವಿಚ್‌ಗಳಿಂದ ಮೋಟರಿಗೆ ವೋಲ್ಟೇಜ್ ಕೊಡುವ ಸರ್ಕ್ಯೂಟಿನ) ಡೆಡ್ ಟೈಮ್, ಅಂದರೆ ಒಂದು ಸ್ವಿಚ್ ಆರಿ ಇನ್ನೊಂದು ಹತ್ತುವ ನಡುವಿನ ಬಿಡುವು. ಮೊದಲೆರಡಕ್ಕೆ ಕ್ಯಾಲಿಬ್ರೇಶನ್ ಸಾಕು. ಸೆನ್ಸರೇ ಸುಳ್ಳು ಹೇಳಿದರೆ ಎಂಥ ಕಂಟ್ರೋಲರ್ ಏನು ಮಾಡೀತು, ಅಲ್ವಾ?

ಆಮೇಲೆ ಪ್ರಿಡಿಕ್ಟಿವ್ ಕರೆಂಟ್ ಕಂಟ್ರೋಲ್ ಹಾಕಿದೆ. ಎರಡು ಲೆವೆಲ್ ಇನ್ವರ್ಟರ್‌ನಲ್ಲಿ ಸ್ವಿಚ್ ಜೋಡಣೆ 8, ಅದರಲ್ಲಿ ಬೇರೆ ಬೇರೆ ವೋಲ್ಟೇಜ್ ಕೊಡುವುದು 7. ಪ್ರತಿ 50 ಮೈಕ್ರೋಸೆಕೆಂಡಿಗೆ ಒಂದೊಂದರಿಂದಲೂ ಕರೆಂಟ್ ಎಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಹಾಕಿ, ಗುರಿಗೆ ಹತ್ತಿರ ಒಯ್ಯುವುದನ್ನು ಆರಿಸಬೇಕು. ಆದರೆ ಲೆಕ್ಕ ಮುಗಿಯುವಷ್ಟರಲ್ಲಿ ಆ ಸ್ಯಾಂಪಲ್ ಕಳೆದೇ ಹೋಗಿರುತ್ತದೆ. ಹಾಗಾಗಿ ಎರಡು ಹೆಜ್ಜೆ ಮುಂದಿನ ಕರೆಂಟ್ ಊಹಿಸಬೇಕು, ರೋಟರ್ ಕೋನವನ್ನೂ ಅಷ್ಟೇ ಮುಂದಕ್ಕೆ ತಳ್ಳಬೇಕು. ಕಾಸ್ಟ್ ಫಂಕ್ಷನ್‌ನ (ಯಾವ ಆಯ್ಕೆ ಒಳ್ಳೆಯದು ಅಂತ ಅಂಕ ಕೊಡುವ ಲೆಕ್ಕದ) ವೇಟ್‌ಗಳನ್ನು ತಿರುವಿದ್ದಕ್ಕಿಂತ ಇದರಿಂದಲೇ ನನಗೆ ಜಾಸ್ತಿ ಲಾಭವಾಯಿತು.

ಕಡಿಮೆ ವೇಗದಲ್ಲಿ ಇನ್ನೊಂದು ತೊಂದರೆ. ಅಲ್ಲಿ ಬೇಕಾಗುವ ವೋಲ್ಟೇಜ್ ಸ್ವಲ್ಪ. ಪೂರ್ತಿ ಅವಧಿಗೆ ಒಂದೇ ವೆಕ್ಟರ್ (ಒಂದು ಸ್ವಿಚ್ ಜೋಡಣೆ ಕೊಡುವ ವೋಲ್ಟೇಜ್) ಕೊಟ್ಟರೆ ಲೋಟ ತುಂಬಲು ಕೊಡ ಸುರಿದ ಹಾಗೆ, ಕರೆಂಟ್ ಗುರಿ ದಾಟಿ ಹೋಗುತ್ತದೆ. ಆ್ಯಕ್ಟಿವ್ ವೆಕ್ಟರನ್ನು ಬೇಕಾದಷ್ಟೇ ಹೊತ್ತು ಕೊಟ್ಟು, ಉಳಿದ ಹೊತ್ತು ಝೀರೋ ವೆಕ್ಟರ್ (ಸೊನ್ನೆ ವೋಲ್ಟೇಜ್) ಕೊಟ್ಟೆ. ರಿಪಲ್ ಇಳಿಯಿತು, ಇನ್ವರ್ಟರ್‌ನ ಗೊರಗೊರ ಸದ್ದೂ ತಗ್ಗಿತು. ಸ್ವಿಚಿಂಗ್ ನಷ್ಟ ಸ್ವಲ್ಪ ಏರಿದ್ದನ್ನು ಒಪ್ಪಿಕೊಂಡೆ.

ಊಹೆಗೆ ಬಳಸುವ ಮೋಟರ್ ಮಾಡೆಲ್‌ನಲ್ಲಿ ಎಲ್ಲಕ್ಕಿಂತ ಕಾಡುವುದು ಇಂಡಕ್ಟೆನ್ಸ್ (ಕರೆಂಟ್ ಬದಲಾಗುವುದನ್ನು ತಡೆಯುವ ಸುರುಳಿಯ ಗುಣ). ಲೋಡ್ ಏರಿದಾಗ ಕಬ್ಬಿಣ ಸ್ಯಾಚುರೇಟ್ ಆಗಿ (ಇನ್ನಷ್ಟು ಕಾಂತತ್ವ ಹೀರಲಾಗದೆ) ಅದು ಇಳಿಯುತ್ತದೆ. ಒಂದೇ ಸ್ಥಿರ ಸಂಖ್ಯೆ ಇಟ್ಟರೆ ಊಹೆ ದಾರಿ ತಪ್ಪುತ್ತದೆ. ಕರೆಂಟಿಗೆ ತಕ್ಕಂತೆ ಬದಲಾಗುವ ಟೇಬಲ್ ಇಟ್ಟೆ. ತಾಮ್ರ 100 ಡಿಗ್ರಿ ಬಿಸಿಯೇರಿದರೆ ರೆಸಿಸ್ಟೆನ್ಸ್ ಸುಮಾರು ಶೇ. 40 ಏರುತ್ತದೆ, ನಿಜ. ಆದರೆ ಇಷ್ಟು ಚಿಕ್ಕ ಅವಧಿಯ ಊಹೆಗೆ ಅದರ ಏಟು ಕಡಿಮೆ. ಸುಮ್ನೆ ತಲೆ ಕೆಡಿಸಿಕೊಳ್ಳಲಿಲ್ಲ.

ಉಳಿದಿದ್ದು ಕಾಗಿಂಗ್. ಕರೆಂಟನ್ನು ಎಷ್ಟೇ ನಯವಾಗಿಟ್ಟರೂ ಇದು ಹೋಗುವುದಿಲ್ಲ, ಯಾಕೆಂದರೆ ಅದು ಮ್ಯಾಗ್ನೆಟ್ ಮತ್ತು ಸ್ಟೇಟರ್ ಹಲ್ಲುಗಳ ನಡುವಿನ ಎಳೆದಾಟ. ಬೆಂಚಿನಲ್ಲಿ ರೋಟರ್ ಕೋನಕ್ಕೆ ತಕ್ಕಂತೆ ಅಳೆದು, ಅದನ್ನು ರದ್ದು ಮಾಡುವಷ್ಟು ಕರೆಂಟನ್ನು ಕ್ಯೂ ಆ್ಯಕ್ಸಿಸ್ ರೆಫರೆನ್ಸಿಗೆ (ಟಾರ್ಕ್ ಹುಟ್ಟಿಸುವ ಕರೆಂಟಿನ ಗುರಿಗೆ) ಸೇರಿಸಿದೆ. ಈ ತಿದ್ದುಪಡಿ ನಿಧಾನ ವೇಗಕ್ಕೆ ಮಾತ್ರ. 4 ಪೋಲ್ ಜೋಡಿಯ ಮೋಟರ್ 6000 ಆರ್‌ಪಿಎಂನಲ್ಲಿ ಓಡಿದರೆ 6ನೇ ಹಾರ್ಮೋನಿಕ್ 2400 ಹರ್ಟ್ಸ್. ಒಂದು ಅಲೆಗೆ ಎಂಟೇ ಎಂಟು ಸ್ಯಾಂಪಲ್ ಸಿಗುತ್ತವೆ. ಅಲ್ಲಿ ತಿದ್ದಲು ಹೋದರೆ ಇದ್ದ ರಿಪಲ್ಲೇ ಹೆಚ್ಚಾದೀತು. ವೇಗ ಏರಿದಂತೆ ತಿದ್ದುಪಡಿಯನ್ನು ಮೆಲ್ಲಗೆ ಸೊನ್ನೆಗೆ ಇಳಿಸಿ, ಮಿಕ್ಕಿದ್ದನ್ನು ರೋಟರಿನ ಇನರ್ಷಿಯಾಕ್ಕೆ (ವೇಗ ಬದಲಾಗಲು ಬಿಡದ ಜಡತ್ವಕ್ಕೆ) ಬಿಟ್ಟೆ.